ಒಂಬತ್ತನೇ ಗುಂಡಿ

ಮಾರ್ಚ್ 3, ಬೆಳಗಿನ ಜಾವ 3.10

ಟೀಂ ಟೀಂ ಎಂದು ಹಿಂದಕ್ಕೆ ಸರಿಯುವ ಟಿಪ್ಪರ್ ಸದ್ದು. ಎದ್ದು ಕೂತೆ. ಇಲ್ಲೆಲ್ಲಿಯ ಟಿಪ್ಪರ್? ಸೈಟ್ ಆರು ಕಿಲೋಮೀಟರ್ ದೂರ. ಪುಟ್ಟಿಯ ಮೂಗು ಕಟ್ಟಿ ಪೀಂ ಎನ್ನುತ್ತಿತ್ತು, ಅಷ್ಟೇ. ಒರೆಸಿದೆ, ಹಾಲು ಕೊಟ್ಟೆ. ಅವಳು ಮಲಗಿದಳು. ನನಗೆ ನಿದ್ದೆ ಮುಗಿಯಿತು. ಇವರದು ನೈಟ್ ಶಿಫ್ಟ್, ಬರುವುದು ಐದಕ್ಕೆ.

ಎಂಟಕ್ಕೆ ಸೈಟ್. ನನ್ನ ಕೆಲಸ ನಿಲ್ಲುವುದು. ಆಸ್ಪತ್ರೆ ಕಟ್ಟಡದ ಅಡಿಪಾಯ ತೋಡುವ ಯಂತ್ರದ ಪಕ್ಕ ನಿಂತು ಮಣ್ಣಿನ ಬಣ್ಣ ನೋಡುವುದು. ಹಳೆಯದೇನಾದರೂ ಕಂಡರೆ ಕೈ ಎತ್ತಬೇಕು. ಪುರಾತತ್ವದ ಮೇಡಂ ಬಂದು ನೋಡುವ ತನಕ ಯಂತ್ರವೂ ಕದಲಬಾರದು, ನಾನೂ ಕದಲಬಾರದು. ಯಂತ್ರ ನಡೆಸುವವನನ್ನು ಎಲ್ಲರೂ ಬಕೆಟಣ್ಣ ಎನ್ನುತ್ತಾರೆ. ನೀವು ಕೈ ಎತ್ತಿದರೆ ನನಗೆ ಟೀ, ಇಳಿಸಿದರೆ ಡೀಸೆಲ್ ಹೊಗೆ ಅಂತ ಅವನ ಜೋಕು.

ಮಾರ್ಚ್ 4, ರಾತ್ರಿ

ಒಂಬತ್ತನೇ ಗುಂಡಿ. ಸಂಜೆ ನಾಲ್ಕು ಮುಕ್ಕಾಲು. ತಳದ ಕೆಂಪು ಮಣ್ಣಿನಲ್ಲಿ ತಟ್ಟೆಯಗಲದ ಕಪ್ಪು ವೃತ್ತ. ಅದೇ ಹೊತ್ತಿಗೆ ಅತ್ತೆಯ ಫೋನ್. ಪುಟ್ಟಿಗೆ ಜ್ವರವಂತೆ. ಮಣ್ಣು ನೋಡೋ ಕಣ್ಣಿಗೆ ಮಗು ಕಾಣಲ್ಲವೇನೋ ಎಂದರು. ಯಾವುದೋ ಬೇರಿನ ಗುರುತು ಎಂದೆ, ಕೈ ಎತ್ತಲಿಲ್ಲ.

"ಅಕ್ಕಾ, ಬೇರು ಇಷ್ಟು ದುಂಡಗಿರಲ್ಲ," ಎಂದ ಬಕೆಟಣ್ಣ.

"ಮರದ ಬೇರೇ ಅದು," ಎಂದೆ.

ಫೋಟೊ ತೆಗೆದೆ. ಫಾರಂನಲ್ಲಿ 'ಮರದ ಬೇರಿನ ಗುರುತು' ಎಂದು ಬರೆದು ಸಹಿ ಹಾಕಿ ಓಡಿದೆ.

ಮನೆಗೆ ಬಂದರೆ ಜ್ವರ ನೂರು. ಬರೀ ನೂರು.

ಮಾರ್ಚ್ 9, ರಾತ್ರಿ 11.40

ಐದು ದಿನ ಪುಸ್ತಕ ಮುಟ್ಟಲಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಅಂತ...

ಸಂಜೆ ಪುಟ್ಟಿ ನನ್ನ ಫೋನ್ ಒತ್ತಿ ಒತ್ತಿ ಆ ಫೋಟೊ ತೆರೆದಿಟ್ಟಿದ್ದಳು. ದೊಡ್ಡದು ಮಾಡಿ ನೋಡಿದೆ. ವೃತ್ತಕ್ಕೆ ಅಂಚಿದೆ. ಮಡಕೆ. ಅದರ ಬಾಯಿಗೆ ಬೋರಲು ಹಾಕಿದ ಬೋಗುಣಿ. ಮೇಡಂ ಮೊದಲ ವಾರವೇ ಇಂಥದ್ದನ್ನು ತೋರಿಸಿದ್ದರು — ಹಿಂದಿನವರು ಎಳೆಗೂಸು ಸತ್ತರೆ ಹೀಗೇ ಮಡಕೆಯಲ್ಲಿಟ್ಟು ಹೂಳುತ್ತಿದ್ದರಂತೆ.

ಈಗ ಗೊತ್ತಾಯಿತು ಎಂದು ಬರೆಯಹೊರಟೆ. ಸುಳ್ಳು. ಆವತ್ತೇ ಗೊತ್ತಿತ್ತು.

ನಾಳೆ ಬೆಳಿಗ್ಗೆ ಆರಕ್ಕೆ ಒಂಬತ್ತನೇ ಗುಂಡಿಗೆ ಕಾಂಕ್ರೀಟ್.

ಮಾರ್ಚ್ 10, ನಡುರಾತ್ರಿ 12.30

ಮೇಡಂಗೆ ಫೋನ್ ಮಾಡಿದೆ. ಎತ್ತಿದರು. ಏನಮ್ಮ ಇಷ್ಟು ಹೊತ್ತಲ್ಲಿ ಎಂದರು. ಮಗುವಿಗೆ ಹುಷಾರಿಲ್ಲ, ಅರ್ಧ ದಿನ ರಜೆ ಬೇಕು ಎಂದುಬಿಟ್ಟೆ. ಕೊಟ್ಟರು.

"ಮಗೂನ ಬೆಚ್ಚಗೆ ಹೊದಿಸಿ ಮಲಗಿಸಮ್ಮ."

ಹೂಂ ಎಂದೆ.

3.50

ಮತ್ತೆರಡು ಸಲ ನಂಬರ್ ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡಿದೆ. ನನ್ನಿಂದಾಗದು.

ರೀ, ಇದು ನೀವು ಓದುವ ಪುಸ್ತಕವಲ್ಲ. ಇವತ್ತೊಂದು ದಿನ ಓದಿ. ಊಟದ ಮೇಜಿನ ಮೇಲೆ, ನಿಮ್ಮ ತಟ್ಟೆಯ ಜಾಗದಲ್ಲೇ ತೆರೆದಿಟ್ಟಿದ್ದೇನೆ. ಮೇಡಂ ನಂಬರ್ ಫ್ರಿಜ್ ಬಾಗಿಲ ಮೇಲಿದೆ. ನನ್ನನ್ನು ಎಬ್ಬಿಸಿ ಕೇಳಬೇಡಿ, ಕೇಳಿದರೆ ಬೇಡ ಎನ್ನುತ್ತೇನೆ. ಒಂಬತ್ತನೇ ಗುಂಡಿಯಲ್ಲಿರುವುದು ಬೇರಲ್ಲ, ಮಗು ಎನ್ನಿ. ಆ ಸಹಿ ನನ್ನ ಹೆಂಡತಿಯದೇ ಎನ್ನಿ. ಕೆಲಸ ಹೋದರೆ ಹೋಗಲಿ. ಶೂ ಬಿಚ್ಚಬೇಡಿ, ಮೊದಲು ಫೋನ್. ಐದಕ್ಕೆ ನೀವು, ಆರಕ್ಕೆ ಕಾಂಕ್ರೀಟ್ — ನಡುವೆ ಒಂದೇ ಗಂಟೆ. ರೀ, ನಿಮ್ಮ ದಮ್ಮಯ್ಯ, ಬೆಳಗಾಗುವ ಮೊದಲು ಒಂದು ಫೋನ್ ಮಾಡಿ.