ಮುನಿಯಕ್ಕನಿಗೆ ತಲೆ ಸುತ್ತಿರಲಿಲ್ಲ

೧೪ ಜುಲೈ, ಸೋಮವಾರ. ಚಿಕ್ಕಲಸಂದ್ರ

ರಾತ್ರಿ ಊಟ ಸೇರಲಿಲ್ಲ. ತಮ್ಮನ ಮಗ ಚೇತನ್ ಕಟ್ಟಿಸುತ್ತಿರುವ ಮನೆಯ ನೀರಿನ ಸಂಪಿನ ಗುಂಡಿಗೆ ಹೂ ಮಾರುವ ಮುನಿಯಕ್ಕ ಬಿದ್ದು ಕಾಲು ಮುರಿದುಕೊಂಡಿದ್ದಾಳೆ. ಇವನು ಬೀದಿಯವರ ವಾಟ್ಸಾಪ್ ಗುಂಪಿಗೆ, 'ಪಾಪ, ತಲೆ ಸುತ್ತಿ ಬಿದ್ದರು, ನಾವೇ ಆಸ್ಪತ್ರೆಗೆ ಸೇರಿಸಿದೆವು' ಎಂದು ಹಾಕಿದ. ಎಲ್ಲರೂ ಇವನಿಗೇ ಕೈ ಮುಗಿದಿದ್ದಾರೆ.

"ಗುಂಡಿಗೆ ಹಲಗೆ ಮುಚ್ಚಿರ್ಲಿಲ್ಲ ಅಂತ ಯಾಕೋ ಬರೀಲಿಲ್ಲ?" ಅಂದೆ.

"ಸ್ವಲ್ಪ ಸ್ಪಿನ್ ಕೊಟ್ಟೆ ದೊಡ್ಡಪ್ಪ, ಸುದ್ದೀನ ನಮಗೆ ಬೇಕಾದ ಕಡೆ ತಿರುಗಿಸೋದು. ಆಫೀಸಲ್ಲಿ ನಂಗೆ ಸಂಬಳ ಕೊಡೋದೇ ಇದಕ್ಕೆ," ಎಂದು ನಕ್ಕ.

ಚೆಂಡಿಗೆ ಸ್ಪಿನ್ ಕೊಡುವುದನ್ನು ಇವನಿಗೆ ಬೆರಳು ಹಿಡಿದು ಕಲಿಸಿದವನು ನಾನು. ಅಲ್ಲಿ ಎದುರಿನವನ ಕೈಯಲ್ಲಿ ಬ್ಯಾಟಾದರೂ ಇರುತ್ತದೆ. ವಾಷಿಂಗ್ ಮೆಷಿನ್ನಿನ ಸ್ಪಿನ್ ಬಟ್ಟೆಯ ನೀರು ಹಿಂಡುತ್ತದೆ. ಅಣುವಿನೊಳಗಿನ ಕಣಕ್ಕೂ ಸ್ಪಿನ್ ಇದೆ ಎಂದು ಮೊಮ್ಮಗಳು ಹೇಳುತ್ತಾಳೆ, ಇರಲಿ. ಇವನದು ಮಾತ್ರ ಹೇಸಿಗೆ.

ಸಂಜೆ ಚೇತನ್ ಜೊತೆ ಆಸ್ಪತ್ರೆಗೆ ಹೋದೆ. ಮುನಿಯಕ್ಕ ನನ್ನ ಮುಖ ನೋಡಿ ಕೇಳಿದಳು, "ಎಲ್ಲಾರೂ ಹಂಗೇ ಅಂತಾವ್ರೆ. ನಂಗೆ ತಲೆ ಸುತ್ತಿತ್ತಾ ಅಣ್ಣ?"

ಚೇತನ್ ನನ್ನ ತೋಳು ಅದುಮಿದ.

"ಇಲ್ಲ ಕಣಮ್ಮ. ಗುಂಡಿ ಮೇಲೆ ಹಲಗೆ ಇರ್ಲಿಲ್ಲ," ಅಂದೆ.

"ಸದ್ಯ, ತಲೆ ನೆಟ್ಟಗೈತೆ," ಎಂದು ಅವಳು ಸಮಾಧಾನದ ಉಸಿರು ಬಿಟ್ಟಳು.

ಚೇತನ್ ನನ್ನನ್ನು ಅಲ್ಲೇ ಬಿಟ್ಟು ಕಾರು ಹತ್ತಿ ಹೋದ. ನಾನು ಬಸ್ಸಿನಲ್ಲಿ ಮನೆಗೆ ಬಂದೆ. ನಾಳೆ ತಮ್ಮನಿಗೆ ಏನು ಹೇಳಲಿ, ಅವನೂ ಆ ಗುಂಪಿನಲ್ಲಿ ಕೈ ಮುಗಿದವನೇ.