ಸಂಬಂಧ ಎಂಬ ಖಾನೆ

ಫೆಬ್ರವರಿ 4, ಮಂಗಳವಾರ

ವಾರದ ರಜೆ. ಮತ್ತೆ ನಗರಸಭೆಯ ದಾಖಲೆ ಕೋಣೆ — ಮೂರನೇ ಸಲ. ನಾನು ಹುಟ್ಟಿದ ವರ್ಷದ ಜನನ ಪುಸ್ತಕದಲ್ಲಿ ಜೂನ್ ತಿಂಗಳು ಪೂರ್ತಿ ಮುಗಿಸಿದೆ. ಅಮ್ಮನ ಹೆಸರು ಎಲ್ಲೂ ಇಲ್ಲ. ನಾನು ಹುಟ್ಟೇ ಇಲ್ಲವೇನೋ.

ಅಜ್ಜಿ ಹೋಗಿ ನಾಲ್ಕು ತಿಂಗಳು. ಅಮ್ಮ ನನ್ನನ್ನು ಹೆತ್ತ ದಿನವೇ ತೀರಿಕೊಂಡಳಂತೆ. "ನಿನಗೆ ನಾನು, ನನಗೆ ನೀನು. ಬೇರೆ ಯಾರೂ ಇಲ್ಲ ಕಣೇ" — ಕೇಳಿದಾಗಲೆಲ್ಲ ಅಜ್ಜಿಯದು ಅದೇ ಮಾತು. ಈಗ ನಾನೊಬ್ಬಳೇ. ಯಾರಾದರೂ ಇರಬೇಕು. ದೂರದವರಾದರೂ ಸರಿ.

ಪುಸ್ತಕ ತೆಗೆದುಕೊಡುವ ಸಾರ್ ಇವತ್ತು ತಾವಾಗಿಯೇ ಮಾತಾಡಿಸಿದರು.

"ಜೂನ್ ಅಂತ ಯಾರಮ್ಮ ಹೇಳಿದ್ದು?"

"ಶಾಲೆ ಸರ್ಟಿಫಿಕೇಟು ಸಾರ್. ಜೂನ್ ಒಂದು."

"ನಿನ್ನ ಕ್ಲಾಸಲ್ಲಿ ಇನ್ನೆಷ್ಟು ಜನ ಜೂನ್ ಒಂದು?"

ಯೋಚಿಸಿದೆ. ನಮ್ಮ ಬೆಂಚಿನ ಐದೂ ಜನ.

"ನೋಡು, ಒಂದೇ ದಿನ ಊರಿಗೆ ಊರೇ ಹೆತ್ತುಬಿಟ್ಟಿದೆ. ಅದು ಶಾಲೆಗೆ ಸೇರಿಸ್ಕೊಂಡ ಮೇಷ್ಟ್ರು ಹಾಕಿದ ತಾರೀಖು. ತಾಯಿ ಹೆಸರು ಹಿಡ್ಕೊಂಡು ಇಡೀ ವರ್ಷ ಓದು. ಗೊತ್ತಿರೋದು ಒಂದು ಹಾಳೇಲಿ ಬರಿ, ಯಾರೋ ಹೇಳಿದ್ದು ಇನ್ನೊಂದರಲ್ಲಿ. ಎರಡನ್ನೂ ಕಲಸಬೇಡ."

ಗೊತ್ತಿರುವ ಹಾಳೆಯಲ್ಲಿ ಅಮ್ಮನ ಹೆಸರು ಬರೆದೆ. ಅಷ್ಟಕ್ಕೇ ಮುಗಿಯಿತು.

ಫೆಬ್ರವರಿ 11

ಡಿಸೆಂಬರಿನಿಂದ ಹಿಂದಕ್ಕೆ ಓದುತ್ತಿದ್ದೇನೆ. ಐದನೇ ಕ್ಲಾಸಿನ ಓದು... ಗೀಚು ಅಕ್ಷರ ಬಂದಲ್ಲಿ ಬೆರಳಿಟ್ಟು ಓದಬೇಕು. ಸಂಜೆಗೆ ಆಗಸ್ಟ್.

ಲಾಂಡ್ರಿಯಲ್ಲಿ ಯಾರಿಗೂ ಹೇಳಿಲ್ಲ. ದಿನವಿಡೀ ಅಂಗಿಗಳಿಗೆ ಇಸ್ತ್ರಿ. ಪ್ರತಿ ಕಾಲರಿನ ಒಳಗೆ ಯಾವ ಮನೆಯದೆಂದು ಬಣ್ಣದ ದಾರದ ಗುರುತು. ಯಾವ ಅಂಗಿಯೂ ದಾರಿ ತಪ್ಪುವುದಿಲ್ಲ.

ಮಾರ್ಚ್ 18

ಒಂದು ತಿಂಗಳು ಹೋಗಲಿಲ್ಲ. ಜ್ವರ ಎಂದು ಬರೆದುಕೊಳ್ಳಬಹುದು. ಸುಳ್ಳು. ಸಿಗದಿದ್ದರೆ ಎಂಬ ಹೆದರಿಕೆ.

ಇವತ್ತು ಸಿಕ್ಕಿತು. ಏಪ್ರಿಲ್ 10. ಅಮ್ಮನ ಹೆಸರು, ಹೆಣ್ಣು ಮಗು. ನಾನು.

ಎದ್ದೇಬಿಟ್ಟಿದ್ದೆ. ಸಾರ್ ತಡೆದರು. "ಹೆಸರು ಸಿಕ್ತು ಅಂತ ಪುಸ್ತಕ ಮುಚ್ಚೋರೇ ಎಲ್ಲ. ಸಾಲು ಕೊನೇವರೆಗೂ ಓದಮ್ಮ."

ತಂದೆ: ಬರೀ ಗೆರೆ. ವರದಿ ಕೊಟ್ಟವರು: ಅಜ್ಜಿಯ ಹೆಸರು, ಹೆಬ್ಬೆಟ್ಟು. ಸಂಬಂಧ: ನೆರೆಮನೆ. ತಾಯಿಗೆ ಎಷ್ಟನೆಯ ಮಗು: ಎರಡನೆಯದು.

ಎರಡು ಸಲ ಓದಿದೆ. ಆಮೇಲೆ ಅಕ್ಷರ ಕಾಣಲಿಲ್ಲ.

ಮಾರ್ಚ್ 19

ಅಜ್ಜಿ ನನ್ನ ಅಜ್ಜಿಯಲ್ಲ. ಪಕ್ಕದ ಮನೆಯವಳು.

ಎಷ್ಟು ಮನೆ ಬದಲಿಸಿದೆವು — ಆರು. ಪ್ರತಿ ಸಲವೂ ಗೋಡೆ ತೇವ ಎನ್ನುತ್ತಿದ್ದಳು. ಯಾರಾದರೂ ಬಂದು ನನ್ನನ್ನು ಕೇಳಿಯಾರು ಎಂಬ ಭಯವಿತ್ತೇನೋ. ಬೈಯಬೇಕೆನಿಸಿತು. ಯಾರನ್ನು? ಅವಳ ಹೊದಿಕೆಗೆ ಇಸ್ತ್ರಿ ಹಾಕಿ ಮಡಿಸಿಟ್ಟೆ.

ಮಾರ್ಚ್ 25

"ಪುಸ್ತಕದ ಹಿಂದೆ ನೋಡಿದ್ಯಾ?" ಎಂದರು ಸಾರ್. "ನಿನಗಿಂತ ಮುಂಚೆ ಯಾರು ಹುಡುಕಿದ್ರು ಅನ್ನೋದನ್ನೂ ಹುಡುಕಬೇಕು."

ಹಿಂದಿನ ರಟ್ಟಿನ ಒಳಗೆ ಚೀಟಿ ಅಂಟಿಸಿದ್ದಾರೆ, ಹುಡುಕಿದ ಪುಟ ಸಿಕ್ಕವರದು. ತಾರೀಖು, ಪುಟ, ಸಹಿ, ಸಂಬಂಧ. ಮೂರು ವರ್ಷ, ಮೂರೇ ಸಾಲು. ಮೂರರಲ್ಲೂ ನನ್ನ ಪುಟ. ಏಪ್ರಿಲ್ 11. ಏಪ್ರಿಲ್ 10. ಏಪ್ರಿಲ್ 10.

"ಮೊದಲನೇ ವರ್ಷ ಹತ್ತನೇ ತಾರೀಖು ಭಾನುವಾರ ಬಿದ್ದಿತ್ತು," ಎಂದರು ಸಾರ್. "ಆವತ್ತು ಇಲ್ಲಿ ಬಾಗಿಲು ಹಾಕಿರುತ್ತೆ."

ಸಹಿ ಓದಲಾಗದು. ಸಂಬಂಧದ ಖಾನೆಯಲ್ಲಿ ಮಾತ್ರ ಮೂರು ಸಲವೂ ದುಂಡಗೆ — ಅಕ್ಕ.

"ಹೇಗಿದ್ದಾರೆ ಸಾರ್ ಇವರು?"

"ನಾನಿಲ್ಲಿಗೆ ಬಂದಿದ್ದೇ ಹೋದ ಜೂನಲ್ಲಿ ಕಣಮ್ಮ. ನಾಲ್ಕನೇ ಸಾಲು ನೀನು ಬರಿ."

ತಾರೀಖು, ಪುಟ, ಸಹಿ ಹಾಕಿದೆ. ಸಂಬಂಧ ಬರೆಯಲು ಕೈ ಬರಲಿಲ್ಲ. ಖಾಲಿ ಬಿಟ್ಟೆ.

ಏಪ್ರಿಲ್ 7

ಲಾಂಡ್ರಿಯ ಮೇಲ್ವಿಚಾರಕಿಯನ್ನು ಎಲ್ಲರೂ ಅಕ್ಕ ಎನ್ನುತ್ತೇವೆ. "ಅಕ್ಕ, ಗುರುವಾರ ರಜೆ ಬೇಕಿತ್ತು." ದಿನಾ ಆಡುವ ಪದ, ಇವತ್ತು ಹೊಸದಾಗಿ ಕೇಳಿಸಿತು.

"ಮೂರು ವರ್ಷದಲ್ಲಿ ಮೊದಲನೇ ಸಲ ರಜೆ ಕೇಳಿದಳಪ್ಪ ಮೂಗಿ. ಏನೇ, ಹುಡುಗ ನೋಡೋಕೆ ಬರ್ತಾನಾ?"

"ಹುಟ್ಟಿದ ದಿನ."

"ನಿಂದು ಜೂನಲ್ವಾ?"

"ಬದಲಾಯ್ತು ಅಕ್ಕ."

ನಗುತ್ತಲೇ ಕೊಟ್ಟಳು.

ಏಪ್ರಿಲ್ 10, ಗುರುವಾರ

10.10 — ಬಾಗಿಲು ತೆಗೆದಾಗ ನಾನೇ ಮೊದಲು.

1.00 — ಮರಣ ಪ್ರಮಾಣಪತ್ರ ಕೇಳಿಕೊಂಡು ಇಬ್ಬರು. ಆಮೇಲೆ ಯಾರೂ ಇಲ್ಲ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದಾಗಲೆಲ್ಲ ಬಾಗಿಲ ಕಡೆ ನೋಡುತ್ತೇನೆ.

3.30 — ಸಾರ್ ಟೀ ತರಿಸಿದರು. "ಪ್ರತಿ ವರ್ಷ ಬರಲೇಬೇಕು ಅಂತೇನಿಲ್ಲಮ್ಮ." ಗೊತ್ತು. ಟೀ ಆರಿಹೋಯಿತು.

4.35 — ಒಬ್ಬರು ಬಂದಿದ್ದಾರೆ. ಬೆನ್ನು ಮಾತ್ರ ಕಾಣುತ್ತದೆ. ಸಾರ್ ನನ್ನ ಪುಸ್ತಕವನ್ನೇ ತಂದು ಇಟ್ಟರು. ನನ್ನ ಕಡೆ ನೋಡಲಿಲ್ಲ, ಕೆಮ್ಮಿದರು. ಅವರು ಪುಟ ತೆಗೆದರು, ಅಂಗೈ ಇಟ್ಟರು... ಏನೂ ಓದುತ್ತಿಲ್ಲ. ಈಗ ಹಿಂದಿನ ರಟ್ಟು. ನಾಲ್ಕನೇ ಸಾಲಿನ ಮೇಲೆ ಬೆರಳು ನಿಂತಿದೆ. ಎದ್ದು ಹೋಗಬೇಕು. ಬರೆಯುತ್ತಲೇ ಇದ್ದೇನೆ. ಅವರ ಪೆನ್ನು ಬರೆಯುತ್ತಿಲ್ಲ — ಒದರಿದರು, ಮತ್ತೆ ಗೀಚಿದರು. ಇತ್ತ ತಿರುಗಿದರು.

"ಒಂದ್ನಿಮಿಷ ಪೆನ್ನು ಕೊಡ್ತೀರಾ?"

ನನ್ನ ಹತ್ತಿರ ಇರುವುದು ಇದೊಂದೇ