ಬೀಜಕ್ಕೆ ಬಿಟ್ಟ ಸೋರೆಕಾಯಿ

ಅವ್ವಾ, ಬೈಯುವುದಕ್ಕಾದರೂ ಒಂದು ಗಳಿಗೆ ಎದ್ದು ಕೂತು ಕೇಳು.

ಮಾರ್ನಮಿ ಹೊತ್ತಿಗೆ ಮಳೆ ಹಿಂದೆ ಸರಿದು ಜೋಗಿಮಟ್ಟಿ ಬೆಟ್ಟದ ಕಡೆಯಿಂದ ತಣ್ಣನೆ ಗಾಳಿ ಬೀಸತೊಡಗಿದರೆ ನೀನು ಬಚ್ಚಲ ಹಿಂದಿನ ಕಲ್ಲಿನ ಮೇಲೆ ಕಾಲು ಚಾಚಿ ಕೂರುತ್ತಿದ್ದೆ. ಕೈಯಲ್ಲಿ ಟೀ ಲೋಟ. ಎದುರಿಗೆ ಚೆಂಡುಹೂವು, ಹೂ ಬಿಟ್ಟ ಅವರೆ, ಮಾಡಿಗೆ ಹಬ್ಬಿದ ಸೋರೆಬಳ್ಳಿ. ಮುದುಕಿಯಾಗುವತನಕ ಕಂಡವರ ಹೊಲದಲ್ಲಿ ಕಳೆ ಕಿತ್ತ ಕೈಗೆ ಈ ದೇಶ ಒಂದು ಗುಂಟೆ ಕೊಡಲಿಲ್ಲ. ನಿನ್ನದು ಅಂತ ಇದ್ದದ್ದು ಬಚ್ಚಲ ನೀರು ಕುಡಿಯುವ ಈ ಎರಡು ಮಾರು ನೆಲ. ಅದರ ಮುಂದೆ ನೀನು ಕೂರುತ್ತಿದ್ದ ಗತ್ತು ಯಾವ ಜಮೀನುದಾರನಿಗಿತ್ತು? ನಾನು ಭೂಮಿಯ ಹಕ್ಕಿನ ಬಗ್ಗೆ ಊರೂರಲ್ಲಿ ಭಾಷಣ ಬಿಗಿದೆ. ನಿನ್ನ ಭೂಮಿಗೆ ಒಂದು ಚೆಂಬು ನೀರು ಹಾಕಿದ್ದೆನಾ?

ಸೋರೆಕಾಯಿಯ ತೊಟ್ಟಿಗೆ ನೀನು ಕರಿದಾರ ಕಟ್ಟಿದ್ದನ್ನು ಮೊದಲ ಸಲ ಕಂಡಾಗ ನಾನು ರೇಗಿದ್ದೆ. ಮಕ್ಕಳ ಕೈಯಿಂದ, ಅಂಗಡಿ ಬಾಗಿಲಿಂದ ಇಂಥ ದಾರ ಕಿತ್ತೆಸೆಯಿರಿ ಎಂದು ವೇದಿಕೆಯಲ್ಲಿ ಕೂಗುವವನ ಮನೆಯಲ್ಲೇ ಇದು!

“ಕಾಯಿಗೂ ದೃಷ್ಟಿ ತಗುಲುತ್ತೇನವ್ವ?”

“ಹೂಂ ಕಣಪ್ಪ, ನಿನ್ನ ಕಣ್ಣೇ ಬೀಳದಿರ್ಲಿ ಅಂತ.”

ನೀನು ನಕ್ಕೆ. ನಾನು ನಂಬಿದೆ. ಅವ್ವ ನನ್ನನ್ನೇ ಗೇಲಿ ಮಾಡುತ್ತಿದ್ದಾಳೆ ಎಂದು ತಿಳಿಯದಷ್ಟು ವಿಚಾರವಂತ ನಾನು.

ಈ ಮುಂಗಾರಿಗೆ ನೀನು ಬೀಜ ಕಾಪಿಡುತ್ತಿದ್ದ ಬೂದಿಡಬ್ಬಿ ತೆಗೆದು, ಉಳಿದಿದ್ದ ಸೋರೆಬೀಜವನ್ನೆಲ್ಲ ಒಂದೇ ಸಲ ಊರಿದೆ. ನೀನಿಲ್ಲದ ಮೊದಲ ಮಳೆಗಾಲ. ಪ್ರೀತಿ ಹೆಚ್ಚಾಗಿ ನೀರೂ ಹೆಚ್ಚಾಯಿತು. ಸಸಿಗಳು ಬುಡದಲ್ಲೇ ಕೊಳೆತವು. ಉಳಿದದ್ದು ಒಂದೇ ಬಳ್ಳಿ. ಗೌರಿ ಹಬ್ಬಕ್ಕೆ ಹಿರಿಯೂರಿನಿಂದ ಬಂದ ಅಕ್ಕ ಅದನ್ನು ಕಂಡು ಕಣ್ಣೊರೆಸಿಕೊಂಡಳು. ಕುಡಿಯಲ್ಲಿ ಬೆರಳುದ್ದ ಬಿಟ್ಟಿದ್ದ ಒಂದೇ ಒಂದು ಕಾಯಿಗೆ ದಾರ ಕಟ್ಟಿ ಹೋದಳು. ಅವಳ ಬಸ್ಸು ಹೊರಟದ್ದೇ ತಡ, ನಾನು ಮಾಡು ಹತ್ತಿ ಆ ದಾರ ಕತ್ತರಿಸಿದೆ. ಮೌಢ್ಯವನ್ನು ಮನೆಯಿಂದ ಓಡಿಸಿದ ಸಮಾಧಾನ ಬೇರೆ.

ಹಿರಿಯರ ಅಮಾವಾಸ್ಯೆಗೆ ಅಕ್ಕ ಮತ್ತೆ ಬಂದಳು. ಎಡೆಯಲ್ಲಿ ನನಗೆ ನಂಬಿಕೆಯಿಲ್ಲ, ನಿನಗೆ ಗೊತ್ತು. ಅವಳ ಬಾಯಿಗೆ ಹೆದರಿ ಒಪ್ಪಿದ್ದೆ. ನಿನ್ನ ಫೋಟೊದ ಮುಂದೆ ಬಾಳೆಲೆ, ಅನ್ನ, ಕೋಳಿಸಾರು, ನಿನಗಿಷ್ಟವೆಂದು ನನ್ನ ಹೆಂಡತಿ ಸರೋಜ ಮಾಡಿದ ಸೋರೆಕಾಯಿ ಪಲ್ಯ. ಪಲ್ಯ ಕಂಡ ಅಕ್ಕ ಹಿತ್ತಿಲಿಗೆ ಓಡಿದಳು.

“ಲೇ, ಬೀಜದ ಕಾಯಿ ಎಲ್ಲೋ?”

“ಯಾವ ಬೀಜದ ಕಾಯಿ?”

“ದಾರ ಕಟ್ಟಿದ್ನಲ್ಲೋ! ಯಾರೂ ಕೀಳಬಾರ್ದು, ಬಳ್ಳಿಯಾಗೇ ಒಣಗ್ಲಿ ಅಂತ ಅವ್ವ ಕಟ್ತಿದ್ಲಲ್ಲ, ಹಂಗೆ!”

ಸರೋಜ ಸೌಟು ಹಿಡಿದೇ ನಿಂತಳು. “ದಾರ ಇರ್ಲಿಲ್ಲ ಕಣ್ರಿ ಅತ್ತಿಗೆ. ಇದ್ದಿದ್ರೆ ನಾನ್ಯಾಕೆ ಮುಟ್ತಿದ್ದೆ?”

ಇಬ್ಬರೂ ನನ್ನ ಕಡೆ ತಿರುಗಿದರು. ಸಾವಿರ ಜನರ ಮುಂದೆ ಮೈಕಿಲ್ಲದೆ ಮಾತಾಡಿದವನು ನಾನು. ಅವತ್ತು ತಟ್ಟೆ ಹಿಡಿದು ಹಿತ್ತಿಲಿಗೆ ಓಡಿದೆ.

ತಿಪ್ಪೆಗೆ ಎಸೆದಿದ್ದ ತಿರುಳನ್ನು ಕೆದಕಿ ಬೀಜ ಆರಿಸಿದೆ, ಅವ್ವಾ. ಎಲ್ಲ ಹಾಲುಗಟ್ಟಿದ ಬಿಳಿ ಎಳಸು. ತಟ್ಟೆಯಲ್ಲಿ ಹರವಿ ಬಿಸಿಲಿಗಿಟ್ಟರೆ ಕತ್ತರಿಸಿದ ಉಗುರಿನ ಹಾಗೆ ಸುರುಟಿಕೊಂಡವು. ಕೇರಿಯ ಮನೆಮನೆಗೂ ಹೋಗಿ ಕೇಳಿದೆ. “ಬೀಜಕ್ಕೆ ನಿಮ್ಮವ್ವ ಇದ್ಲಲ್ಲಪ್ಪ, ನಾವ್ಯಾಕೆ ಹಿಡಿದಿಡಾಣ?” ಎಂದರು. ವರ್ಷ ವರ್ಷ ನಿನ್ನ ಬಾಗಿಲಿಗೇ ಬಂದು ಇಸಕೊಂಡು ಹೋಗುತ್ತಿದ್ದವರು. ಅಜ್ಜಿ ಹೊಳಲ್ಕೆರೆಯಿಂದ ಸೆರಗಲ್ಲಿ ಕಟ್ಟಿಕೊಂಡು ಬಂದದ್ದು ಎನ್ನುತ್ತಿದ್ದೆಯಲ್ಲ, ಅಲ್ಲಿಗೂ ಹೋಗಿದ್ದೆ. ಮಾವನ ಮಕ್ಕಳು ಹಿತ್ತಿಲಿಗೆಲ್ಲ ಸಿಮೆಂಟು ಬಳಿಸಿದ್ದಾರೆ.

ಡಿ.ಸಿ. ಆಫೀಸಿನ ಮುಂದೆ ಬಿಸಿಲಲ್ಲಿ ಕೂತು ‘ಬೀಜ ನಮ್ಮ ಹಕ್ಕು’ ಎಂದು ನಾನು ಗಂಟಲು ಹರಿದುಕೊಂಡ ದಿನ ನೀನೇ ಬುತ್ತಿ ಕಟ್ಟಿಕೊಟ್ಟಿದ್ದೆ. ಕಂಪನಿಗಳು ಬಡವರ ಬೀಜ ಕದಿಯುತ್ತವೆ ಎಂದು ಅವತ್ತು ಹೇಳಿದ್ದು ಸುಳ್ಳಲ್ಲ. ಆದರೆ ನಿನ್ನ ಬೀಜವನ್ನು ಯಾವ ಕಂಪನಿಯೂ ಕದಿಯಲಿಲ್ಲ. ನಿನ್ನ ಮಗನೇ ಮುಗಿಸಿದ. ಇದಕ್ಕೆ ಯಾರ ಮನೆ ಮುಂದೆ ಧರಣಿ ಕೂರಲಿ ಹೇಳು?

ಮೊನ್ನೆ ಸಂಜೆ, ಎಲೆಗೆಲ್ಲ ಬೂದಿರೋಗ ಬಡಿದು ಒಣಗುತ್ತಿದ್ದ ಬಳ್ಳಿಯ ತುದಿಯಲ್ಲಿ ಒಂದು ಹೂವು ಅರಳಿತ್ತು. ಅದರ ಹಿಂದೆ ಬೆರಳ ಗೆಣ್ಣಿನಷ್ಟು ಹೀಚು. ಹೆಣ್ಣು ಹೂವು! ಅಕ್ಕನಿಗೆ ಫೋನು ಮಾಡಿದೆ.

“ಗಂಡು ಹೂ ಕಿತ್ತು ಅದರ ಮೇಲೆ ಮೆತ್ತಗೆ ಸವರೋ” ಎಂದಳು.

“ಗಂಡು ಹೂ ಒಂದೂ ಇಲ್ಲ ಕಣಕ್ಕ.”

“ಮಾಡಿನ ಮ್ಯಾಲೆ ನೋಡೋ, ಕಣ್ಣು ಬಿಟ್ಕಂಡು.”

“ಎಲ್ಲ ನೋಡ್ದೆ. ಬಳ್ಳಿ ಒಣಗೈತೆ.”

ಪಕ್ಕದ ಯಾರದೋ ಬಳ್ಳಿಯಲ್ಲಿ ಸಿಗಬಹುದೆಂದು ಕೇರಿಯೆಲ್ಲ ಸುತ್ತಿದೆ. ಈ ಸಲ ಯಾರ ಮಾಡಿನ ಮೇಲೂ ಸೋರೆಯಿಲ್ಲ. ವಾಪಸು ಬಂದು ಆ ಬಿಳಿ ಹೂವಿನ ಮುಂದೆ ಬರಿಗೈಯಲ್ಲಿ ನಿಂತೆ. ಕತ್ತಲಾಗುತ್ತಿತ್ತು. ಅಕ್ಕ ಇನ್ನೂ ಫೋನು ಹಿಡಿದೇ ಇದ್ದಳು.

“ಸಿಗ್ಲಿಲ್ವೇನೋ?”

“ಇಲ್ಲ.”

ಅವಳು ಅಂದಳು: “ಹೋಗ್ಲಿ ಬಿಡು. ಅವ್ವಂಗೆ ಮಾತ್ರ ಹೇಳಬ್ಯಾಡ ಕಣೋ.”

ಬೆಳಿಗ್ಗೆ ಹೂವು ಮುದುಡಿತ್ತು. ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ, ಅವ್ವಾ?